ಶಿವರಾಂಪಲ್ಲಿಯಲ್ಲಿ ಮತ್ತೆ ವಿದ್ಯಾರ್ಥಿಗಳು

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹೊರಟವರು ಬೆಳಗಿನ ಜಾವ ಹೈದರಾಬಾದ್ ಹೊಗುವುದು ಶಂಶಾಬಾದ್ ದಾಟಿ, ಆರಾಂಘರ್ ಚೌರಸ್ತೆಯ ಕಡೆಯಿಂದ. ಅಲ್ಲೇ ಆಸುಪಾಸಿನಲ್ಲಿ ಶಿವರಾಂಪಲ್ಲಿ. ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ ಇರುವುದು ಅಲ್ಲಿ, ಸುಮಾರು 277 ಎಕರೆ ವಿಸ್ತಾರದಲ್ಲಿ. ಐಪಿಎಸ್‌ಗೆ ಆಯ್ಕೆಯಾದ ಹುಡುಗ ಹುಡುಗಿಯರು ಕವಾಯತು, ಕಾನೂನು, ಕುದುರೆ ಸವಾರಿ ಕಲಿಯುವುದು ಈ ಆವರಣದಲ್ಲಿ. ಅವರ ನಿರ್ಗಮನ ಪಥಸಂಚಲನದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡುತ್ತಲೇ ಇರುತ್ತೇವೆ.

ಚಿತ್ರ ತೆಗೆಯಲು ಯಾರೂ ಬಾರದ ಇನ್ನೊಂದು ಬಗೆಯ ವಿದ್ಯಾರ್ಥಿಗಳೂ ಅಲ್ಲಿಗೆ ಬರುತ್ತಾರೆ. ಕೂದಲು ನರೆತವರು. ಒಂದೆರಡು ಜಿಲ್ಲೆಗಳಲ್ಲಿ ಎಸ್‌ಪಿಯಾಗಿ ದುಡಿದು, ಗಲಭೆ, ಚುನಾವಣೆ, ಗಣೇಶನ ಮೆರವಣಿಗೆ, ಮಂತ್ರಿಗಳ ಭೇಟಿ ಎಲ್ಲವನ್ನೂ ಕಂಡು ಬಂದವರು. ಕೆಲವರು ಐಜಿಪಿಗಳು, ಕೆಲವರು ಇನ್ನೇನು ಎಡಿಜಿಪಿ ಆಗಲಿರುವವರು. ತಮ್ಮ ಕಚೇರಿಯಲ್ಲಿ ಕುರ್ಚಿಯಿಂದ ಎದ್ದರೆ ಸುತ್ತಲಿನ ಹತ್ತು ಜನ ಏಳುವುದನ್ನು ವರ್ಷಗಟ್ಟಲೆ ಕಂಡವರು ಇಲ್ಲಿ ಹೆಸರಿನ ಫಲಕದ ಹಿಂದೆ ಕುಳಿತು ಟಿಪ್ಪಣಿ ಬರೆದುಕೊಳ್ಳಬೇಕು, ಕೈ ಎತ್ತಿ ಪ್ರಶ್ನೆ ಕೇಳಬೇಕು, ತಪ್ಪು ಉತ್ತರ ಕೊಟ್ಟರೆ ತಿದ್ದಿಸಿಕೊಳ್ಳಬೇಕು.

ಇದಕ್ಕೆ ‘ಮಿಡ್ ಕೆರಿಯರ್ ಟ್ರೇನಿಂಗ್’ ಎಂದು ಹೆಸರು. ಐಪಿಎಸ್ ಅಧಿಕಾರಿಯ ತರಬೇತಿಯನ್ನು ಐದು ಹಂತಗಳಾಗಿ ವಿಂಗಡಿಸಿದ್ದಾರೆ. ಮೊದಲೆರಡು ಹಂತ ಹೊಸಬರಿಗೆ. ನಡುವೆ ಜಿಲ್ಲೆಯೊಂದರಲ್ಲಿ ಠಾಣೆಯ ಕೆಲಸ ಕಲಿಯುವ ಅವಧಿಯೂ ಸೇರುತ್ತದೆ. ಮೂರನೆಯದು ಸೇವೆಗೆ ಸೇರಿ ಏಳೆಂಟು ವರ್ಷ ಕಳೆದ ಮೇಲೆ, ನಾಲ್ಕನೆಯದು ಹದಿನೈದರ ಆಸುಪಾಸಿನಲ್ಲಿ, ಐದನೆಯದು ಇಪ್ಪತ್ತೈದರ ಹೊತ್ತಿಗೆ. 2010ರಿಂದ ನಡೆಯುತ್ತಿರುವ ಈ ವ್ಯವಸ್ಥೆಯನ್ನು ಬಡ್ತಿಯೊಂದಿಗೂ ಜೋಡಿಸಲಾಗಿದೆ. ಜಿಲ್ಲೆ ಬಿಟ್ಟು ಬರಲು ಮನಸ್ಸಿಲ್ಲದವರೂ ಬರುತ್ತಾರೆ, ಬರಲೇಬೇಕು.

ಇಷ್ಟು ಅನುಭವಸ್ಥರಿಗೆ ಪಾಠ ಏಕೆ ಎಂದು ಕೇಳುವವರಿದ್ದಾರೆ. ಮೇಲಕ್ಕೇರಿದಂತೆ ಕೆಲಸವೇ ಬೇರೆಯಾಗುತ್ತದೆ ಎಂಬುದು ಮೊದಲ ಉತ್ತರ. ಎಸ್‌ಪಿ ಆಗಿದ್ದಾಗ ಕೊಲೆಯಾದ ಜಾಗಕ್ಕೆ ತಾನೇ ಹೋಗಬಹುದು, ಇನ್‌ಸ್ಪೆಕ್ಟರನ್ನು ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನಿಸಬಹುದು. ಕಲಬುರಗಿಯಲ್ಲಿ ಕುಳಿತ ಈಶಾನ್ಯ ವಲಯದ ಐಜಿಪಿ ಅದೇ ಕೆಲಸವನ್ನು ಬೇರೆಯವರ ಕೈಯಲ್ಲಿ ಮಾಡಿಸಬೇಕು. ಎಡಿಜಿಪಿಯ ಮೇಜಿಗೆ ಬರುವುದು ನೇಮಕಾತಿ, ಬಜೆಟ್, ವಾಹನ, ಕಟ್ಟಡ, ಇಲಾಖಾ ವಿಚಾರಣೆ. ಒಳ್ಳೆಯ ಪತ್ತೇದಾರನೆಂದು ಹೆಸರು ಮಾಡಿದವನಿಗೆ ಸಾವಿರಾರು ಜನರ ಪಾಳಿ, ರಜೆ, ಆರೋಗ್ಯ, ಮನೋಬಲಗಳನ್ನು ಸಂಭಾಳಿಸುವ ವಿದ್ಯೆ ತಾನಾಗಿ ಬಂದುಬಿಡುವುದಿಲ್ಲ.

ಎರಡನೆಯ ಉತ್ತರ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಹುದ್ದೆ ಏರಿದಂತೆ ಸತ್ಯ ಕಿವಿಗೆ ಬೀಳುವುದು ಕಡಿಮೆಯಾಗುತ್ತದೆ. ಪೊಲೀಸ್ ಇಲಾಖೆಯಲ್ಲಂತೂ ಕೆಳಗಿನವನು ಮೇಲಿನವನಿಗೆ ಕೊಡುವ ಸಹಜ ಉತ್ತರ ‘ಎಸ್ ಸಾರ್’. ಠಾಣೆಯಲ್ಲಿ ದೂರು ದಾಖಲಾಗದೆ ತಾಯಿಯೊಬ್ಬಳು ಮೂರು ದಿನ ಅಲೆದ ಸಂಗತಿ ವೃತ್ತ, ಉಪವಿಭಾಗ, ಜಿಲ್ಲೆ, ವಲಯ ದಾಟಿ ಕೇಂದ್ರ ಕಚೇರಿ ತಲುಪುವಷ್ಟರಲ್ಲಿ ‘ಅಪರಾಧ ಸಂಖ್ಯೆ ಇಳಿಮುಖ’ ಎಂಬ ಅಂಕಣವಾಗಿ ಬದಲಾಗಿರಬಹುದು. ಹಿರಿಯ ಅಧಿಕಾರಿಯ ತರಬೇತಿಯ ನಿಜವಾದ ಕೆಲಸ ಅವರಿಗೆ ಆ ಕಿವಿಯನ್ನು ಮರಳಿ ಕೊಡುವುದು. ಅಕಾಡೆಮಿ ನಡೆಸುವ ‘ವರ್ಟಿಕಲ್ ಇಂಟರ‍್ಯಾಕ್ಷನ್ ಕೋರ್ಸ್’ ಈ ದೃಷ್ಟಿಯಿಂದ ಗಮನಿಸಬೇಕಾದದ್ದು. ಅದರಲ್ಲಿ ಕಿರಿಯ ಎಸ್‌ಪಿಯೂ ಬಹಳ ಹಿರಿಯ ಅಧಿಕಾರಿಯೂ ಒಂದೇ ತರಗತಿಯಲ್ಲಿ ಕೂರುತ್ತಾರೆ. ಜಿಲ್ಲೆಯಲ್ಲಿ ಬಾಯಿ ತೆರೆಯದ ಕಿರಿಯನಿಗೆ ಇಲ್ಲಿ ‘ಇದು ಹಾಗಲ್ಲ’ ಎನ್ನಲು ಅವಕಾಶವಿದೆ. ರಾಜ್ಯ ಸೇವೆಯಲ್ಲಿ ಡಿವೈಎಸ್‌ಪಿಯಾಗಿ ಸೇರಿ, ಬಡ್ತಿಯಿಂದ ಐಪಿಎಸ್ ಆದವರಿಗೂ ಇಲ್ಲಿ ಪ್ರತ್ಯೇಕ ಇಂಡಕ್ಷನ್ ತರಬೇತಿಯಿದೆ. ಠಾಣೆಯ ನಾಡಿಮಿಡಿತವನ್ನು ನೇರ ನೇಮಕಾತಿಯವರಿಗಿಂತ ಹತ್ತಿರದಿಂದ ಬಲ್ಲವರು ಅವರು. ಅವರಿಂದ ಪಾಠ ಹೇಳಿಸಿಕೊಳ್ಳುವ ಸಂಪ್ರದಾಯ ಇನ್ನಷ್ಟು ಗಟ್ಟಿಯಾಗಬೇಕು.

ಈ ಸಂಸ್ಥೆಗೂ ಕನ್ನಡನಾಡಿಗೂ ಇರುವ ನಂಟು ಅದರ ಹುಟ್ಟಿನ ದಿನದಿಂದಲೇ ಶುರುವಾಗುತ್ತದೆ. ಅಕಾಡೆಮಿ ಹುಟ್ಟಿದ್ದು ಹೈದರಾಬಾದಿನಲ್ಲಲ್ಲ, ರಾಜಸ್ಥಾನದ ಮೌಂಟ್ ಅಬುವಿನಲ್ಲಿ, ಕೇಂದ್ರೀಯ ಪೊಲೀಸ್ ತರಬೇತಿ ಕಾಲೇಜು ಎಂಬ ಹೆಸರಿನಲ್ಲಿ. ದಿನಾಂಕ 1948ರ ಸೆಪ್ಟೆಂಬರ್ 15. ಬೀದರ್, ಕಲಬುರಗಿ, ರಾಯಚೂರಿನವರಿಗೆ ಆ ವಾರದ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ನಿಜಾಮರ ಸಂಸ್ಥಾನದೊಳಕ್ಕೆ ಭಾರತದ ಸೇನೆ ನುಗ್ಗಿದ್ದು 13ರಂದು, ನಿಜಾಮರು ಶರಣಾದದ್ದು 17ರಂದು. ಕಾಲೇಜು ತೆರೆದದ್ದು ಕಾರ್ಯಾಚರಣೆಯ ಮೂರನೆಯ ದಿನ. ಸೇನೆ ನಡೆಸಿದ ಆ ಕಾರ್ಯಾಚರಣೆಗೆ ಇತಿಹಾಸದಲ್ಲಿ ಉಳಿದ ಹೆಸರು ಮಾತ್ರ ‘ಪೊಲೀಸ್ ಆ್ಯಕ್ಷನ್’. ಎರಡರ ಹಿಂದೆಯೂ ಇದ್ದವರು ಅಂದಿನ ಗೃಹ ಸಚಿವ ಸರ್ದಾರ್ ಪಟೇಲರು. 1967ರಲ್ಲಿ ರಾಷ್ಟ್ರೀಯ ಪೊಲೀಸ್ ಅಕಾಡೆಮಿ ಎಂದು ಹೆಸರಾಗಿ, 1974ರಲ್ಲಿ ಪಟೇಲರ ಹೆಸರು ಸೇರಿ, 1975ರಲ್ಲಿ ಆ ಸಂಸ್ಥೆ ಹೈದರಾಬಾದಿಗೇ ಬಂದು ನೆಲೆಸಿತು.

ಆ ಸೆಪ್ಟೆಂಬರಿನ ಇನ್ನೊಂದು ಮುಖವನ್ನೂ ಇಲ್ಲಿ ಹೇಳಲೇಬೇಕು. ಅದಕ್ಕೂ ಮೊದಲು ನಿಜಾಮರ ಪರವಾಗಿದ್ದ ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ನಲುಗಿದ್ದವು. ನಿಜಾಮರ ಆಡಳಿತ ಕುಸಿದ ಮೇಲೆ, ಹೊಸ ವ್ಯವಸ್ಥೆ ಬೇರೂರುವ ಮುನ್ನ, ಸೇಡಿನ ಹೆಸರಿನಲ್ಲಿ ಮುಸ್ಲಿಮರ ಮೇಲೆ ಭೀಕರ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಗೊಳಗಾದವೆಂದು ಗುರುತಿಸಿದ ನಾಲ್ಕು ಜಿಲ್ಲೆಗಳಲ್ಲಿ ಎರಡು ಕನ್ನಡದ ಜಿಲ್ಲೆಗಳು: ಬೀದರ್ ಮತ್ತು ಕಲಬುರಗಿ. ಮೊದಲು ನಲುಗಿದವರು ಒಬ್ಬರು, ಆಮೇಲೆ ನಲುಗಿದವರು ಇನ್ನೊಬ್ಬರು. ಎರಡೂ ಸಲ ಜನರನ್ನು ಕಾಪಾಡಬೇಕಾದ ಕೈ ಅಲ್ಲಿರಲಿಲ್ಲ. ಪೊಲೀಸ್ ನಾಯಕತ್ವ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಹುಡುಕಬೇಕಿಲ್ಲ.

ಹೈದರಾಬಾದಿನಲ್ಲಿ ಅದಕ್ಕೂ ಮೊದಲು ಹೆಸರು ಮಾಡಿದ ಪೊಲೀಸ್ ಮುಖ್ಯಸ್ಥರೊಬ್ಬರಿದ್ದರು. ರಾಜಾ ಬಹಾದ್ದೂರ್ ವೆಂಕಟರಾಮ ರೆಡ್ಡಿ. 1920ರಿಂದ 1934ರವರೆಗೆ ನಗರದ ಕೊತ್ವಾಲರಾಗಿದ್ದವರು. ಅವರು ಅಮೀನರಾಗಿ, ಅಂದರೆ ಇಂದಿನ ಸಬ್ ಇನ್‌ಸ್ಪೆಕ್ಟರ್ ದರ್ಜೆಯಲ್ಲಿ, ವೃತ್ತಿ ಆರಂಭಿಸಿದ್ದು ರಾಯಚೂರು ಸೀಮೆಯ ಮುದಗಲ್ಲಿನಲ್ಲಿ. ಹಿಮಾಯತ್‌ಸಾಗರದ ಬಳಿ ಇರುವ ತೆಲಂಗಾಣ ರಾಜ್ಯದ ಪೊಲೀಸ್ ಅಕಾಡೆಮಿ ಇಂದು ಅವರ ಹೆಸರನ್ನು ಹೊತ್ತಿದೆ. ಮುಸ್ಲಿಂ ದೊರೆಯ ರಾಜಧಾನಿಯಲ್ಲಿ ಹಿಂದೂ ಕೊತ್ವಾಲ ಹದಿನಾಲ್ಕು ವರ್ಷ ಆ ಹೊಣೆಯಲ್ಲಿ ಉಳಿಯಲು ಎಲ್ಲರ ವಿಶ್ವಾಸ ಬೇಕಿತ್ತು. ಕೋಟೆಯೂರಿನ ಠಾಣೆಯಿಂದ ಮೇಲೇರಿದ ಆ ದಾರಿಯನ್ನು ಯಾವ ತರಬೇತಿ ಕೈಪಿಡಿಯೂ ಕಡೆಗಣಿಸಬಾರದು.

ತರಬೇತಿಯ ಚಿಂತನೆಯಲ್ಲೂ ಕನ್ನಡ ನೆಲದ ಪಾಲಿದೆ. ಪೊಲೀಸ್ ತರಬೇತಿ ಹೇಗಿರಬೇಕೆಂದು ನೋಡಲು ಕೇಂದ್ರ ಸರ್ಕಾರ 1971ರಲ್ಲಿ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಪೊಲೀಸರಲ್ಲ, ಸಮಾಜಶಾಸ್ತ್ರಜ್ಞ ಎಂ.ಎಸ್. ಗೋರೆ. ಹುಬ್ಬಳ್ಳಿಯಲ್ಲಿ ಹುಟ್ಟಿ, ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದವರು. 1973ರಲ್ಲಿ ಬಂದ ಅವರ ವರದಿ ಪೊಲೀಸ್ ಅಧಿಕಾರಿಗೆ ಸಮಾಜದ ಅರಿವು, ಮನೋವಿಜ್ಞಾನ, ಜನರೊಡನೆ ನಡೆದುಕೊಳ್ಳುವ ರೀತಿ ಇವೆಲ್ಲ ಕವಾಯತಿನಷ್ಟೇ ಅಗತ್ಯವೆಂದು ಕಂಡಿತು. ತರಬೇತಿ ಎನ್ನುವುದು ಸೇವೆಯ ಆರಂಭದಲ್ಲಿ ಒಮ್ಮೆ ಮುಗಿಸಿ ಮರೆಯುವ ವಿಧಿಯಲ್ಲ ಎಂಬ ತಿಳಿವೂ ಅದರಲ್ಲಿತ್ತು. ಇಂದಿನ ಐದು ಹಂತಗಳ ಬೇರು ಅಂಥ ಆಲೋಚನೆಗಳಲ್ಲಿದೆ.

ಹಾಗಾದರೆ ಏನು ಕಲಿಸುತ್ತಾರೆ? ನಾಯಕತ್ವ, ಮಾನವ ಸಂಪನ್ಮೂಲ, ಆಂತರಿಕ ಭದ್ರತೆ, ಸೈಬರ್ ಅಪರಾಧ, ಮಾನವ ಹಕ್ಕು, ಮಾಧ್ಯಮಗಳೊಂದಿಗೆ ವ್ಯವಹಾರ. ಡಿಜಿಟಲ್ ಅಪರಾಧಗಳ ತರಬೇತಿಗೆಂದೇ ಅಕಾಡೆಮಿಯಲ್ಲಿ ಒಂದು ರಾಷ್ಟ್ರೀಯ ಕೇಂದ್ರವಿದೆ. ಈ ಪಟ್ಟಿ ಎಲ್ಲ ಸಂಸ್ಥೆಗಳಲ್ಲೂ ಹೆಚ್ಚು ಕಡಿಮೆ ಒಂದೇ. ಇಲ್ಲಿನ ವಿಶೇಷವೆಂದರೆ, ನಾಲ್ಕನೆಯ ಹಂತದ ಆರಂಭದ ವರ್ಷಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಸಂಸ್ಥೆ ಕೈಜೋಡಿಸಿತ್ತು. ಅಲ್ಲಿನ ಲಾರೆನ್ಸ್ ಶರ್ಮನ್ ಜೀವನವಿಡೀ ಪ್ರತಿಪಾದಿಸಿದ್ದು ಒಂದೇ ಮಾತು: ಪೊಲೀಸರು ಮಾಡುವ ಕೆಲಸ ಫಲ ಕೊಡುತ್ತದೆಯೇ ಎಂದು ಪರೀಕ್ಷೆ ಮಾಡಿ ನೋಡಿ, ರೂಢಿಯನ್ನು ನಂಬಿ ಕೂರಬೇಡಿ.

ಪರೀಕ್ಷೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕನ್ಸಾಸ್ ಸಿಟಿಯ ಪ್ರಯೋಗ ಹೆಸರಾಗಿದೆ. 1972-73ರಲ್ಲಿ ಅಲ್ಲಿ 15 ಬೀಟ್‌ಗಳನ್ನು ಮೂರು ಗುಂಪು ಮಾಡಿದರು. ಒಂದರಲ್ಲಿ ಗಸ್ತು ವಾಹನಗಳನ್ನು ಎರಡು ಮೂರು ಪಟ್ಟು ಹೆಚ್ಚಿಸಿದರು, ಇನ್ನೊಂದರಲ್ಲಿ ವಾಡಿಕೆಯ ಗಸ್ತನ್ನೇ ನಿಲ್ಲಿಸಿ ಕರೆ ಬಂದಾಗ ಮಾತ್ರ ಹೋದರು, ಮೂರನೆಯದನ್ನು ಇದ್ದಂತೆಯೇ ಬಿಟ್ಟರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಮಿನಿಯಾಪೊಲಿಸ್‌ನಲ್ಲಿ ಶರ್ಮನ್ ಮತ್ತು ಸಂಗಡಿಗರು ಕರೆಗಳ ಲೆಕ್ಕ ತೆಗೆದಾಗ, ಊರಿನ ಶೇ 3ರಷ್ಟು ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬರುತ್ತಿದ್ದವೆಂದು ತಿಳಿಯಿತು. ಊರೆಲ್ಲ ಸುತ್ತುವ ಬದಲು ಆ ಕೆಲವೇ ಜಾಗಗಳಲ್ಲಿ ನಿಂತರೆ ಫಲವಿದೆ ಎಂಬ ತೀರ್ಮಾನಕ್ಕೆ ದಾರಿಯಾದದ್ದು ಈ ಲೆಕ್ಕ.

ನಮಗೆ ಇದಕ್ಕಿಂತ ಹತ್ತಿರದ ಪಾಠ ರಾಜಸ್ಥಾನದಲ್ಲಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಡೇನಿಯಲ್ ಕೆನಿಸ್ಟನ್ ಅವರೊಂದಿಗೆ ಆ ರಾಜ್ಯದ ಐಪಿಎಸ್ ಅಧಿಕಾರಿ ನೀನಾ ಸಿಂಗ್ ಸೇರಿ 162 ಠಾಣೆಗಳಲ್ಲಿ ಕೆಲವು ಸುಧಾರಣೆಗಳನ್ನು ಪ್ರಯೋಗಕ್ಕೆ ಒಡ್ಡಿದರು. ಕೆಲವು ಠಾಣೆಗಳಲ್ಲಿ ವರ್ಗಾವಣೆ ನಿಲ್ಲಿಸಿದರು. ಕೆಲವೆಡೆ ಸಿಬ್ಬಂದಿಗೆ ತನಿಖೆಯ ಹಾಗೂ ಜನರೊಂದಿಗೆ ಮಾತಾಡುವ ತರಬೇತಿ ಕೊಟ್ಟರು. ವಾರದ ರಜೆ, ಪಾಳಿಯ ಬದಲಾವಣೆ, ಠಾಣೆಯಲ್ಲಿ ಊರಿನವರೊಬ್ಬರು ಕುಳಿತು ನೋಡುವ ಏರ್ಪಾಡು ಇವೂ ಇದ್ದವು. ಸುಳ್ಳು ದೂರುದಾರರನ್ನು ಕಳಿಸಿ, ಠಾಣೆ ದೂರು ಬರೆದುಕೊಳ್ಳುತ್ತದೆಯೇ ಎಂದೂ ನೋಡಿದರು.

ಫಲಿತಾಂಶವನ್ನು ಪ್ರತಿಯೊಬ್ಬ ಹಿರಿಯ ಅಧಿಕಾರಿಯೂ ನಿಧಾನವಾಗಿ ಓದಬೇಕು. ವರ್ಗಾವಣೆ ತಡೆ ಮತ್ತು ತರಬೇತಿ ಎರಡೂ ಕೆಲಸ ಮಾಡಿದವು. ಠಾಣೆಯ ಮೆಟ್ಟಿಲು ಹತ್ತಿದವರ ಅನುಭವ ಸುಧಾರಿಸಿತು. ಉಳಿದವು ನಡೆಯಲಿಲ್ಲ. ರಜೆ, ಪಾಳಿಯಂಥವು ಠಾಣಾಧಿಕಾರಿಯ ಕೈಯಲ್ಲಿದ್ದ ಅಧಿಕಾರವನ್ನು ಕಡಿಮೆ ಮಾಡುತ್ತಿದ್ದವು. ಮೇಲಿನಿಂದ ಆದೇಶ ಬಂದರೂ ನಡುವಿನ ಹಂತದಲ್ಲಿ ಅವು ಇಂಗಿಹೋದವು. ಆದೇಶ ಹೊರಡಿಸುವುದಕ್ಕೂ ಅದು ಠಾಣೆಯಲ್ಲಿ ಜೀವ ಪಡೆಯುವುದಕ್ಕೂ ನಡುವೆ ಇರುವ ಈ ಕಂದಕವನ್ನು ದಾಟಿಸುವುದು ಹಿರಿಯ ಅಧಿಕಾರಿಯ ಕೆಲಸ. ಕೇಂದ್ರ ಕಚೇರಿಯ ಸುತ್ತೋಲೆಗೆ ಆ ಶಕ್ತಿಯಿಲ್ಲ. ನೀನಾ ಸಿಂಗ್ ಮುಂದೆ, 2023ರ ಕೊನೆಯಲ್ಲಿ, ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಮೊದಲ ಮಹಿಳಾ ಮುಖ್ಯಸ್ಥರಾದರು. ತನ್ನದೇ ಇಲಾಖೆಯನ್ನು ಪರೀಕ್ಷೆಗೆ ಒಡ್ಡುವ ಧೈರ್ಯ ಇದ್ದವರು ಮೇಲೇರಿದ್ದು ಸಮಾಧಾನದ ಸಂಗತಿ.

ಕರ್ನಾಟಕದ ನೆನಪಿನಲ್ಲಿ ಪೊಲೀಸ್ ನಾಯಕತ್ವದ ಅತಿ ಕಠಿಣ ಪರೀಕ್ಷೆ ನಡೆದದ್ದು ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ. 1992ರ ಆಗಸ್ಟ್ 14ರಂದು ಮೈಸೂರಿನ ಎಸ್‌ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ನಾಲ್ವರು ಸಿಬ್ಬಂದಿ ಮೀಣ್ಯಂ ಬಳಿ ಕಾಡುಗಳ್ಳ ವೀರಪ್ಪನ್ ಹೂಡಿದ್ದ ಹೊಂಚಿಗೆ ಬಲಿಯಾದರು. ಸಿಬ್ಬಂದಿಯ ಜತೆ ತಾನೇ ಮುಂದೆ ನಡೆದ ಎಸ್‌ಪಿಯ ಧೈರ್ಯವನ್ನು ಆ ಸೀಮೆಯ ಜನ ಇಂದಿಗೂ ನೆನೆಯುತ್ತಾರೆ. ಅವರನ್ನು ಗೌರವಿಸುತ್ತಲೇ ತರಗತಿ ಕೇಳಬೇಕಾದ ಪ್ರಶ್ನೆಗಳಿವೆ. ಬಾತ್ಮೀದಾರರ ಮಾತನ್ನು ತೂಗಿ ನೋಡುವ ವ್ಯವಸ್ಥೆ ಇಲಾಖೆಯಲ್ಲಿ ಇತ್ತೇ? ಎಸ್‌ಪಿಯ ಯೋಜನೆಯನ್ನು ಪ್ರಶ್ನಿಸಬಲ್ಲವರು ಪಕ್ಕದಲ್ಲಿದ್ದರೇ? ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಪೊಲೀಸರು ತಮಗೆ ತಿಳಿದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರೇ? ಹನ್ನೆರಡು ವರ್ಷಗಳ ನಂತರ, 2004ರ ಅಕ್ಟೋಬರ್ 18ರಂದು, ವೀರಪ್ಪನ್‌ನನ್ನು ಕೊನೆಗಾಣಿಸಿದ ಕಾರ್ಯಾಚರಣೆ ಕಾಡಿನ ಒಳಗೆ ನಡೆಯಲಿಲ್ಲ. ತಾಳ್ಮೆಯಿಂದ ನಂಬಿಕೆ ಗಳಿಸಿ ಅವನನ್ನು ಹೊರಕ್ಕೆ ತರಲಾಯಿತು. ಅದರ ನೇತೃತ್ವ ವಹಿಸಿದ್ದ ತಮಿಳುನಾಡಿನ ಕೆ. ವಿಜಯಕುಮಾರ್ ಮುಂದೆ ಇದೇ ಶಿವರಾಂಪಲ್ಲಿಯ ಅಕಾಡೆಮಿಗೆ ನಿರ್ದೇಶಕರಾಗಿ ಬಂದರು.

ಆದರೆ ಆ ಕಥೆಯನ್ನು ಅಷ್ಟಕ್ಕೇ ಮುಗಿಸಿದರೆ ಅನ್ಯಾಯವಾಗುತ್ತದೆ. ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಕಾಡಂಚಿನ ಬಡ ಗಿರಿಜನರು ವಿಶೇಷ ಕಾರ್ಯಪಡೆಗಳಿಂದ ಹಿಂಸೆ ಅನುಭವಿಸಿದ ದೂರುಗಳನ್ನು ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಸಂತ್ರಸ್ತರಿಗೆ 2.8 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಎರಡೂ ರಾಜ್ಯಗಳಿಗೆ ಸೂಚಿಸಿತು. ಮೀಣ್ಯಂನ ಶೌರ್ಯವೂ ಆ 89 ಜನರ ನೋವೂ ಒಂದೇ ಪಾಠದ ಎರಡು ಪುಟಗಳಾಗಿ ಓದಿಗೆ ಬರಬೇಕು. ಕೈಕೆಳಗಿನವರು ಒತ್ತಡದಲ್ಲಿ ಏನು ಮಾಡುತ್ತಾರೆಂಬುದು ಮೇಲಿನವನು ಏನನ್ನು ನೋಡಿಯೂ ನೋಡದಂತೆ ಇರುತ್ತಾನೆ ಎಂಬುದನ್ನು ಅವಲಂಬಿಸಿದೆ.

ಇಷ್ಟಾದ ಮೇಲೂ ನನ್ನನ್ನು ಕಾಡುವ ಒಂದು ಅಸಮತೋಲನವಿದೆ. ಕಾಮನ್ ಕಾಸ್ ಸಂಸ್ಥೆ ಮತ್ತು ಸಿಎಸ್‌ಡಿಎಸ್‌ನ ಲೋಕನೀತಿ ತಂಡ 2019ರಲ್ಲಿ ಹೊರತಂದ ಪೊಲೀಸ್ ಸ್ಥಿತಿಗತಿ ವರದಿ ಹೇಳುವಂತೆ, ಅದು ಪರಿಶೀಲಿಸಿದ ಐದು ವರ್ಷಗಳಲ್ಲಿ ಸರಾಸರಿ ಶೇ 6.4ರಷ್ಟು ಪೊಲೀಸರಿಗೆ ಮಾತ್ರ ಸೇವೆಯಲ್ಲಿದ್ದಾಗ ತರಬೇತಿ ಸಿಕ್ಕಿತು. ಆ ಅವಕಾಶವೂ ಕಾನ್‌ಸ್ಟೆಬಲ್‌ಗಳಿಗಿಂತ ಹಿರಿಯ ಅಧಿಕಾರಿಗಳಿಗೇ ಹೆಚ್ಚು ದೊರೆತದ್ದು. ಅದೇ ವರದಿಯ ಪ್ರಕಾರ ಸಿಬ್ಬಂದಿ ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ಠಾಣೆಗೆ ಬಂದವರು ಮೊದಲು ಎದುರಾಗುವುದು ಆ ಹದಿನಾಲ್ಕು ಗಂಟೆ ನಿಂತ ಕಾಲುಗಳಿಗೆ. ಹೈದರಾಬಾದಿನಲ್ಲಿ ಎಂಥ ಪಾಠ ಹೇಳಿದರೂ ಜನರ ಪಾಲಿಗೆ ಪೊಲೀಸ್ ಇಲಾಖೆ ಎಂದರೆ ಆ ಸಿಬ್ಬಂದಿಯೇ.

2016ರ ಜೂನ್ 4ರಂದು ಕರ್ನಾಟಕದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ನಾಡು ಬೆಚ್ಚಿತು. ಸಂಬಳ, ರಜೆ, ಹಿರಿಯರ ಕಿರುಕುಳ, ಮನೆಗೆಲಸ ಮಾಡಿಸುವ ಆರ್ಡರ್ಲಿ ಪದ್ಧತಿ ಹೀಗೆ ಅವರ ದೂರುಗಳು ಹಳೆಯವೇ ಆಗಿದ್ದವು. ಬಂದ್ ಮುರಿಯುವುದನ್ನು ಕಲಿತಿದ್ದ ಅಧಿಕಾರಿಗಳಿಗೆ ತಮ್ಮದೇ ಸಿಬ್ಬಂದಿ ಕೆಲಸಕ್ಕೆ ಬರುವುದಿಲ್ಲ ಎಂದಾಗ ಏನು ಮಾಡಬೇಕೆಂಬ ಪಾಠ ಯಾರು ಹೇಳಿಕೊಟ್ಟಿದ್ದರು? ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ವೇತನ ಹೆಚ್ಚಳಕ್ಕೆ ಶಿಫಾರಸು ಮಾಡಿತು, 2019ರಲ್ಲಿ ಪರಿಷ್ಕರಣೆಯಾಯಿತು. ಇಂದಿಗೂ ಪೇದೆಗಳ ಬಾಯಲ್ಲಿ ‘ಔರಾದ್ಕರ್ ವರದಿ’ ಎಂಬ ಮಾತು ಓಡಾಡುತ್ತದೆ. ಮೇಲಿನ ಅಧಿಕಾರಿಯೊಬ್ಬರ ಹೆಸರು ಠಾಣೆಯ ಬರಾಕಿನಲ್ಲಿ ಹೀಗೆ ನೆಲೆನಿಲ್ಲುವುದು ಅಪರೂಪ.

ನಾಯಕತ್ವಕ್ಕೆ ಕಾಲಾವಕಾಶವೂ ಬೇಕು. ಪೊಲೀಸ್ ಸುಧಾರಣೆಗೆ ಸಂಬಂಧಿಸಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಕೊಟ್ಟ ನಿರ್ದೇಶನಗಳಲ್ಲಿ ರಾಜ್ಯ ಪೊಲೀಸ್ ಮುಖ್ಯಸ್ಥರಿಗೂ ಜಿಲ್ಲೆ, ಠಾಣೆಗಳ ಹೊಣೆ ಹೊತ್ತವರಿಗೂ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂಬುದೂ ಒಂದು. ರಾಜಸ್ಥಾನದ ಪ್ರಯೋಗ ಹೇಳಿದ್ದೂ ಬಹುಮಟ್ಟಿಗೆ ಅದನ್ನೇ. ಸುಧಾರಣೆ ಕಲಿತು ಬಂದ ಎಸ್‌ಪಿ ಆರು ತಿಂಗಳಲ್ಲಿ ಎತ್ತಂಗಡಿಯಾದರೆ, ಹೈದರಾಬಾದಿನ ಟಿಪ್ಪಣಿ ಪುಸ್ತಕ ಮುಂದಿನ ಊರಿನ ಕಪಾಟು ಸೇರುತ್ತದೆ.

ಈಗಂತೂ ಹೊಸ ಹೊರೆ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ರಾಜ್ಯಗಳು ಇದಕ್ಕೆ ಐದು ವರ್ಷದೊಳಗೆ ಅಣಿಯಾಗಬೇಕು. ಶೋಧ, ಜಪ್ತಿಯ ದೃಶ್ಯ ಚಿತ್ರೀಕರಣ ಕಡ್ಡಾಯ. ಪಿಎಸ್‌ಐ ಕೈಗೆ ಮೊಬೈಲ್ ಕೊಟ್ಟು ಚಿತ್ರೀಕರಿಸು ಎಂದರೆ ಮುಗಿಯುವುದಿಲ್ಲ. ಆ ದೃಶ್ಯ ಎಲ್ಲಿ ಸಂಗ್ರಹವಾಗಬೇಕು, ನ್ಯಾಯಾಲಯದಲ್ಲಿ ಹೇಗೆ ನಿಲ್ಲಬೇಕು, ಬೀದರಿನ ಔರಾದ್ ತಾಲ್ಲೂಕಿನ ಹಳ್ಳಿಯೊಂದಕ್ಕೆ ತಜ್ಞರು ಎಷ್ಟು ಗಂಟೆಯಲ್ಲಿ ತಲುಪಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಬೇಕಾದವರು ಐಜಿಪಿ, ಎಡಿಜಿಪಿಗಳೇ.

ಹಾಗಾಗಿ ಈ ತರಬೇತಿಯ ಮೌಲ್ಯಮಾಪನವನ್ನು ತರಗತಿಯ ಕೊನೆಯ ದಿನಕ್ಕೇ ನಿಲ್ಲಿಸಬಾರದು. ಅಧಿಕಾರಿ ಮರಳಿ ಹೋದ ಒಂದು ವರ್ಷದ ನಂತರ ಅವರ ವ್ಯಾಪ್ತಿಯ ಠಾಣೆಗಳಿಗೆ ಯಾರಾದರೂ ಹೋಗಿ ಕೇಳಬೇಕು. ಹೋದ ತಿಂಗಳು ಎಷ್ಟು ಮಂದಿಗೆ ವಾರದ ರಜೆ ನಿಜವಾಗಿ ಸಿಕ್ಕಿತು? ದೂರು ಕೊಡಲು ಬಂದವರಲ್ಲಿ ಎಷ್ಟು ಜನರನ್ನು ಹಾಗೆಯೇ ಹಿಂದಕ್ಕೆ ಕಳಿಸಿದಿರಿ? ಸಾಹೇಬರ ಎದುರು ಕೊನೆಯ ಸಲ ‘ಇದು ಸರಿಯಾಗುವುದಿಲ್ಲ ಸಾರ್’ ಎಂದವರು ಯಾರು, ಹಾಗೆಂದ ಮೇಲೆ ಅವರಿಗೆ ಏನಾಯಿತು? ಬಡ್ತಿಯ ಕಡತದಲ್ಲಿ ಪ್ರಮಾಣಪತ್ರದ ಜತೆ ಈ ಉತ್ತರಗಳಿಗೂ ಒಂದು ಹಾಳೆ ಇರಬೇಕು.